ನಮ್ಮವರ ಜೊತೆ ಹೋದವರು

ಕುವೈತಿನಲ್ಲಿ ಚಳಿಗಾಲ ಬಂತೆಂದು ನನಗೆ ತಿಳಿಯುವುದು ಹೀಟರಿನ ವಾಸನೆಯಿಂದ. ಬೇಸಿಗೆಯಿಡೀ ಮಂಚದಡಿ ಬಿದ್ದಿದ್ದ ಹೀಟರನ್ನು ಹೊರಗೆಳೆದು ಮೊದಲ ಸಲ ಸ್ವಿಚ್ ಹಾಕಿದಾಗ, ಅದರ ತಂತಿಗಳ ಮೇಲೆ ಕೂತ ಮರಳಿನ ಧೂಳು ಸುಟ್ಟು ಗಂಟಲು ಕೆರೆಯುವಂಥ ಒಂದು ವಾಸನೆ ಬರುತ್ತದೆ. ಮೊನ್ನೆ ಆ ವಾಸನೆ ಬಂದದ್ದೇ, ಟ್ರಾವೆಲ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಕೊನೆಯ ಚಳಿಗಾಲ ಹಾಗೇ ಎದ್ದು ಬಂತು. ಆಗ ನನ್ನ ಮೇಜಿನಡಿಯೂ ಇಂಥದೇ ಒಂದು ಹೀಟರ್ ಇತ್ತು. ಲಾನ್ ಎಂಬ ಹುಡುಗಿ ಮೊದಲ ದಿನ ಬಂದು ನನ್ನೆದುರು ಕೂತಾಗ ಅದನ್ನು ಅವಳ ಕಾಲಿನ ಕಡೆಗೆ ತಿರುಗಿಸಿ ಇಟ್ಟಿದ್ದೆ. ಅಷ್ಟು ಉಪಚಾರ ನನಗೆ ಗೊತ್ತಿತ್ತು.

ನಮ್ಮ ಆಫೀಸು ಸಾಲ್ಮಿಯಾದಲ್ಲಿ, ಸಮುದ್ರದ ರಸ್ತೆಗೆ ಹಿಂದಿನ ಓಣಿಯಲ್ಲಿತ್ತು. ಟಿಕೆಟ್ಟು, ಹೋಟೆಲು, ವೀಸಾದ ಕಾಗದಪತ್ರ ನನ್ನ ಕೆಲಸ. ಪ್ರತಿ ಫೆಬ್ರವರಿಯಲ್ಲಿ ರಾಷ್ಟ್ರೀಯ ದಿನದ ರಜೆ ಬಂದಾಗ ಒಂದು ಗುಂಪನ್ನು ಯುರೋಪಿಗೆ ಕಳಿಸುತ್ತಿದ್ದೆವು. ಆ ವರ್ಷ ಪ್ರಾಗ್ ನಗರ. ಗುಂಪು ಕೂಡಿಸಿಕೊಡುತ್ತಿದ್ದವಳು ನನ್ನ ಅಣ್ಣನ ಹೆಂಡತಿ, ವಾರಿಜಾ ಅತ್ತಿಗೆ. ಉಡುಪಿ, ಮಂಗಳೂರು ಕಡೆಯ ನಮ್ಮ ಜನ, ಹುಬ್ಬಳ್ಳಿ, ಬೆಳಗಾವಿ ಕಡೆಯ ಕೆಲವು ಎಂಜಿನಿಯರ್ ಕುಟುಂಬಗಳು, ಎಲ್ಲರಿಗೂ ಅವಳ ಪರಿಚಯ. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳೂ ಅವಳೇ. ಬಂದ ಹೊಸದರಲ್ಲಿ ಕೆಲಸ ಸಿಗುವವರೆಗೆ ತನ್ನ ಮನೆಯ ಹಾಲ್‌ನಲ್ಲಿ ಮಲಗಿಸಿಕೊಂಡು, ದಿನಾ ಊಟ ಬಡಿಸಿದವಳು. ಕೊರೋನಾದ ಕಾಲದಲ್ಲಿ ಕಟ್ಟಡ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಆಗ ಕೆಳಮಹಡಿಯಲ್ಲಿದ್ದ ಫಿಲಿಪ್ಪೀನ್ಸ್‌ನ ನರ್ಸ್ ಹುಡುಗಿಯರಿಗೆ ಪಾತ್ರೆಗಟ್ಟಲೆ ಗಂಜಿ ಕಳಿಸಿದ್ದಳು. ಅತ್ತಿಗೆಯನ್ನು ಕೆಟ್ಟವಳೆಂದು ಬರೆದರೆ ನನ್ನ ಕೈ ಬಿದ್ದುಹೋಗುತ್ತದೆ.

ಲಾನ್ ಬಂದ ದಿನ ಊರಿಡೀ ಮಂಜು ಕವಿದಿತ್ತು. ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಕೆಲಸ ನಡೆಸುತ್ತಿದ್ದ ಒಂದು ಚೀನೀ ಕಾಂಟ್ರಾಕ್ಟ್ ಕಂಪನಿಯಲ್ಲಿ ಅವಳು ದುಭಾಷಿ. ಚೀನೀ ಎಂಜಿನಿಯರು ಹೇಳಿದ್ದನ್ನು ಕುವೈತಿಗಳಿಗೆ ಅರಬಿಯಲ್ಲಿ, ನಮ್ಮವರಿಗೆ ಇಂಗ್ಲಿಷಿನಲ್ಲಿ ಹೇಳುವುದು ಅವಳ ಕೆಲಸ. ಮನೆ ಎಗೈಲಾದಲ್ಲಿ. ಮೂವತ್ತರ ಆಸುಪಾಸಿನ ಚೀನೀ ಹುಡುಗಿ, ಮೆಲುದನಿ.

ಅವಳ ತಂದೆ ಲಾರಿ ಎಂಜಿನ್ ಮೆಕ್ಯಾನಿಕ್ ಆಗಿದ್ದರಂತೆ. ಮದುವೆಗೆ ಮುಂಚೆ ಕಂಪನಿ ಅವರನ್ನು ತರಬೇತಿಗೆಂದು ಪ್ರಾಗ್‌ಗೆ ಕಳಿಸಿತ್ತು. ಅಲ್ಲಿದ್ದ ದಿನಗಳ ಮಾತನ್ನು ಬದುಕಿಡೀ ಆಡಿದರಂತೆ. ಅಲ್ಲಿನ ನದಿ, ಸೇತುವೆ, ಒಳಗೆ ಪ್ಲಮ್ ಹಣ್ಣು ಇಟ್ಟು ಬೇಯಿಸುವ ಕಡುಬು. ಪ್ರತಿ ಚಳಿಗಾಲ ಆ ಕಡುಬನ್ನು ಮನೆಯಲ್ಲಿ ಮಾಡಲು ಹೋಗಿ ಕೆಡಿಸುತ್ತಿದ್ದರಂತೆ.

“ನಿನ್ನನ್ನು ಕರೆದುಕೊಂಡು ಹೋಗ್ತೇನೆ ಅಂತ ಅಮ್ಮನಿಗೆ ಹೇಳುತ್ತಲೇ ತೀರಿಕೊಂಡರು” ಎಂದಳು ಲಾನ್. “ಅಮ್ಮ ಇಲ್ಲಿಗೆ ಬರುತ್ತಿದ್ದಾಳೆ. ಇಲ್ಲಿಂದ ನಾನು ಕರೆದುಕೊಂಡು ಹೋಗಬೇಕು.”

ನಾನು ಬೆಲೆ, ದಿನಾಂಕ ಎಲ್ಲ ಹೇಳುತ್ತಿದ್ದೆ. ಅವಳು ನಡುವೆ ತಡೆದು ಕೇಳಿದಳು: “ನಿಮ್ಮನ್ನು ಒಂದು ಮಾತು ಕೇಳಲಾ? ಅಲ್ಲಿ ಚೀನಾದವರನ್ನು ಕೆಟ್ಟದಾಗಿ ನೋಡ್ತಾರಾ? ಇಂಟರ್‌ನೆಟ್ಟಿನಲ್ಲಿ ಒಬ್ಬರು ಹೌದು ಅಂತ ಬರೀತಾರೆ, ಒಬ್ಬರು ಇಲ್ಲ ಅಂತ. ಬೀದಿಯಲ್ಲಿ ಕೂಗ್ತಾರಂತೆ, ನಮ್ಮ ಸಣ್ಣ ಕಣ್ಣನ್ನು ಅಣಕಿಸಿ ಕಣ್ಣು ಎಳೆದು ತೋರಿಸ್ತಾರಂತೆ. ನನಗಾದರೆ ಪರವಾಗಿಲ್ಲ. ಅಮ್ಮನಿಗೆ ಹಾಗಾಗಬಾರದು.”

ಟಿಕೆಟ್ಟು ಮಾರುವವರಿಗೆ ಎಲ್ಲ ಪ್ರಶ್ನೆಗೂ ಉತ್ತರ ಇರಬೇಕು. ನಾನು ತಡಮಾಡದೆ ಹೇಳಿದೆ: “ಇಬ್ಬರೇ ಹೋದರೆ ಹಾಗೆಲ್ಲ ಆಗಬಹುದು. ನಮ್ಮ ಗುಂಪಿನ ಜೊತೆ ಹೋಗಿ. ಎಲ್ಲ ಮನೆ ಮಂದಿ ಥರ ಇರ್ತಾರೆ. ನಮ್ಮವರು ಜೊತೆಗಿದ್ದರೆ ಯಾರೂ ಏನೂ ಹೇಳುವುದಿಲ್ಲ.”

ಅವಳ ಮುಖ ಹಗುರಾಯಿತು. ಅವತ್ತೇ ಹಣ ಕಟ್ಟಿ ಹೋದಳು.

ಪಟ್ಟಿ ಅತ್ತಿಗೆಗೆ ಹೋಯಿತು. ಮರುದಿನ ಪಾಟೀಲರ ಫೋನು ಬಂತು. ಹುಬ್ಬಳ್ಳಿ ಕಡೆಯ ಹಿರಿಯ ಎಂಜಿನಿಯರ್, ಗುಂಪಿನಲ್ಲಿ ವಯಸ್ಸಿನಲ್ಲೂ ಮಾತಿನಲ್ಲೂ ದೊಡ್ಡವರು.

“ಅಲ್ರೀ ಶಶಿ ಬಾಯಾರ, ನಮ್ಮ ಗುಂಪಿನ್ಯಾಗ ಚೀನಾ ಮಂದೀನೂ ಹಾಕೀರಂತಲ್ಲ?”

“ಹೌದು ಸರ್. ತಾಯಿ, ಮಗಳು ಇಬ್ಬರೇ. ತುಂಬಾ ಸಾಧು ಜನ.”

“ಬ್ಯಾಡ ಅನ್ನಂಗಿಲ್ಲ ನಾ. ಆದ್ರ ನಮ್ಮ ಮನ್ಯಾಗಿನವ್ರು ಶುದ್ಧ ಸಸ್ಯಾಹಾರಿ. ಅವ್ರು ಏನೇನ್ ತಿಂತಾರೋ ಯಾರಿಗ್ಗೊತ್ತು? ಬಾಜೂ ಕುಂತ್ರ ಇವ್ರಿಗೆ ತುತ್ತು ಇಳಿಯಂಗಿಲ್ರೀ.”

ನಾನು ಗಿರಾಕಿಯನ್ನು ಸಮಾಧಾನ ಮಾಡಿದೆ. ನೀವು ಬಸ್ಸಿನಲ್ಲಿ ಮುಂದೆ ಕೂತುಕೊಳ್ಳಿ, ಅವರಿಬ್ಬರಿಗೆ ಕೊನೆಯ ಸೀಟು ಕೊಡಿಸುತ್ತೇನೆ ಎಂದೆ. ಹಾಗೇ ಮಾಡಿದೆ ಕೂಡ. ಗೈಡಿಗೆ ಕಳಿಸಿದ ಹೆಸರುಗಳಲ್ಲಿ ಅವರಿಬ್ಬರದು ಕಟ್ಟಕಡೆಗೆ ಬಂತು. ಒಂದು ರಗಳೆ ಮುಗಿಯಿತು ಎಂದುಕೊಂಡು ಚಹಾ ತರಿಸಿಕೊಂಡು ಕುಡಿದದ್ದು ನೆನಪಿದೆ.

ಲಾನ್‌ಳ ತಾಯಿ ಬಂದ ಮೇಲೆ ಒಮ್ಮೆ ಇಬ್ಬರೂ ಆಫೀಸಿಗೆ ಬಂದರು. ಕುಳ್ಳಗಿನ ಹೆಂಗಸು, ನರೆತ ಗಿಡ್ಡ ಕೂದಲು, ಮೈಮೇಲೆ ದಪ್ಪ ಉಣ್ಣೆಯ ನೀಲಿ ಕೋಟು. ಇಂಗ್ಲಿಷ್ ಒಂದಕ್ಷರ ಬಾರದು. ನಾನು ಕಾಗದ ಕೊಟ್ಟಾಗಲೆಲ್ಲ ಎರಡೂ ಕೈ ಚಾಚಿ ತೆಗೆದುಕೊಂಡು ತಲೆ ಬಾಗಿಸುತ್ತಿದ್ದರು. ಹೊರಡುವಾಗ ನನ್ನ ಕೆನ್ನೆ ಮುಟ್ಟಿ ಏನೋ ಅಂದರು. “ನೀವು ಒಳ್ಳೆಯ ಮಗಳು ಅಂತಿದ್ದಾಳೆ” ಎಂದು ಲಾನ್ ನಕ್ಕಳು. ನಾನು ಬೀಳ್ಕೊಡುವಾಗ ಕೊನೆಯದಾಗಿ ಹೇಳಿದ ಮಾತು ಇದು: “ಎಲ್ಲಿ ಬಿಟ್ಟರೂ ಗುಂಪು ಸೇರಬೇಕಾದ ಜಾಗ ಬಿಟ್ಟು ಕದಲಬೇಡಿ. ನಮ್ಮವರು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.”

ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಅತ್ತಿಗೆ ಲಾನ್‌ಳ ಕೈ ಕುಲುಕಿ “ವೆಲ್‌ಕಮ್ ವೆಲ್‌ಕಮ್” ಎಂದಳು. ಆಮೇಲೆ ನನ್ನ ಕಿವಿಯಲ್ಲಿ, “ಪಾಪ, ಅಜ್ಜಿ ಬೊಂಬೆ ಹಾಗೆ ಉಂಟಲ್ಲ ಮಾರಾಯ್ತಿ” ಎಂದಳು. ಎಲ್ಲವೂ ಸರಿಯಾಗಿದೆ ಎಂದು ನಾನು ಮನೆಗೆ ಬಂದೆ.

ರಜೆಯ ದಿನಗಳಲ್ಲಿ ಸಾಲ್ಮಿಯಾದ ರಸ್ತೆಗಳ ತುಂಬ ಮಕ್ಕಳು ಬಾವುಟ ಹಿಡಿದು, ಹೋಗುವ ಬರುವ ಕಾರುಗಳಿಗೆ ನೀರು ಎರಚುತ್ತಿದ್ದರು. ನಾನು ಮನೆಯಲ್ಲಿ ಕೂತು ಗುಂಪಿನ ವಾಟ್ಸಾಪ್ ನೋಡುತ್ತಿದ್ದೆ. ಸೇತುವೆಯ ಮೇಲೆ ಅತ್ತಿಗೆ, ಗಡಿಯಾರದ ಗೋಪುರದಡಿ ಪಾಟೀಲ ದಂಪತಿ, ಹಿಮವಿಲ್ಲದಿದ್ದರೂ ಹಿಮದ ಟೋಪಿ ಹಾಕಿಕೊಂಡ ಮಕ್ಕಳು. ಯಾವ ಫೋಟೋದಲ್ಲೂ ಲಾನ್ ಇರಲಿಲ್ಲ, ಅವಳ ತಾಯಿ ಇರಲಿಲ್ಲ. ಬಹುಶಃ ಫೋಟೋ ತೆಗೆಯುವವಳೇ ಅವಳಿರಬೇಕು ಎಂದುಕೊಂಡೆ.

ಅವರು ಮರಳಿದ ಮೇಲಿನ ಶುಕ್ರವಾರ ಅತ್ತಿಗೆ ಊಟಕ್ಕೆ ಕರೆದಳು. ನೀರುದೋಸೆ, ಕೋಳಿ ಸುಕ್ಕ. ದೋಸೆ ಎರೆಯುತ್ತಲೇ ಪ್ರವಾಸದ ಕತೆ ಹೇಳಿದಳು.

“ಒಂದು ದಿನ ಎಂತ ಆಯ್ತು ಗೊತ್ತುಂಟಾ ಶಶಿ? ಸೇತುವೆ ಹತ್ರ ಬಿಟ್ಟು, ಸಂಜೆ ಇಷ್ಟು ಹೊತ್ತಿಗೆ ಬಸ್ಸಿಗೆ ಬನ್ನಿ ಅಂದಿದ್ದ ಗೈಡು. ಚಳಿ ಅಂದ್ರೆ ಎಂಥ ಚಳಿ! ನಾವೆಲ್ಲ ಮೊದಲೇ ಬಂದು ಕೂತೆವು. ಮಕ್ಕಳಿಗೆ ಹಸಿವು, ಇಂಡಿಯನ್ ಹೋಟೆಲಿನಲ್ಲಿ ಊಟ ಹೇಳಿ ಆಗಿತ್ತು. ನಿನ್ನ ಆ ಚೀನಾದವರು ಎರಡು ಜನ ಮಾತ್ರ ಬರಲಿಲ್ಲ. ಗೈಡು ಕಾಯುವಾ ಅಂದ. ನಾನು ಹೇಳಿದೆ, ಅವರು ಬರುದಿಲ್ಲ ಮಾರಾಯಾ, ಕಪ್ಪೆ ಹಲ್ಲಿ ಎಂತಾದ್ರೂ ಹುಡುಕಿಕೊಂಡು ಹೋದ್ರು, ನಮಗೆ ಹೇಳಿಯೇ ಹೋದ್ರು ಅಂತ. ಬಸ್ಸಿಡೀ ನಗು! ಪಾಟೀಲರಂತೂ ಹೊಟ್ಟೆ ಹಿಡ್ಕೊಂಡು ನಕ್ಕರು.”

ಅಣ್ಣ ನಕ್ಕ. ನಾನೂ ನಕ್ಕೆ. ಬಾಯಲ್ಲಿ ದೋಸೆ ಇತ್ತು, ನಗು ತಡೆಯಲಾಗದೆ ನೀರು ಕುಡಿದೆ. ಆಮೇಲೆ ಕೇಳಿದೆ, “ಅವರು ಮತ್ತೆ ಹೇಗೆ ಬಂದ್ರು?”

“ಬಂದ್ರಪ್ಪ, ರಾತ್ರಿ ಹೋಟೆಲಿನಲ್ಲಿದ್ರು” ಎಂದು ಅತ್ತಿಗೆ ಇನ್ನೊಂದು ದೋಸೆ ನನ್ನ ತಟ್ಟೆಗೆ ಹಾಕಿದಳು.

ರಂಜಾನ್ ಶುರುವಾಯಿತು. ಹಗಲು ಊರು ನಿದ್ದೆಯಲ್ಲಿದ್ದಂತೆ ಇರುತ್ತಿತ್ತು; ಆಫೀಸಿಗೆ ಜನ ಕಡಿಮೆ. ಅಂಥ ಒಂದು ಮಧ್ಯಾಹ್ನ ಲಾನ್ ಒಬ್ಬಳೇ ಬಂದಳು. ಅಮ್ಮನ ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಾಯಿಸಬೇಕು, ಆದಷ್ಟು ಬೇಗ ಊರಿಗೆ ಕಳಿಸಬೇಕು ಎಂದಳು.

“ಇನ್ನೂ ಒಂದು ತಿಂಗಳು ಇರ್ತೇನೆ ಅಂದಿದ್ದರಲ್ಲ?”

“ಅಮ್ಮ ಆಸ್ಪತ್ರೆಯಲ್ಲಿದ್ದಳು. ಎದೆಯಲ್ಲಿ ಕಫ ಕಟ್ಟಿ ಉಸಿರಾಡಲು ಕಷ್ಟವಾಗಿತ್ತು. ಈಗ ಪರವಾಗಿಲ್ಲ. ಮನೆಗೆ ಹೋಗ್ತೇನೆ ಅಂತಿದ್ದಾಳೆ.”

ನಾನು ಕಂಪ್ಯೂಟರ್ ನೋಡುತ್ತಾ, ಅಲ್ಲಿಯ ಚಳಿ ಅಂಥದು, ವಯಸ್ಸಾದವರಿಗೆ ಕಷ್ಟ ಎಂದೇನೋ ಅಂದೆ. ಆಮೇಲೆ ಮಾತಿಗೆ ಮಾತು ಸೇರಿಸಲು, “ನೀವು ಹೆದರಿದ ಹಾಗೇನಾದರೂ ಆಯಿತಾ ಅಲ್ಲಿ?” ಎಂದೆ.

ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ತನ್ನ ಕೆಲಸದಲ್ಲಿ ಹೇಳುವ ಹಾಗೆ, ಯಾರೋ ಆಡಿದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಹಾಗೆ ಹೇಳಿದಳು.

“ಟ್ರಾಮಿನಲ್ಲಿ ಇಬ್ಬರು ಹುಡುಗರು ಕಣ್ಣು ಎಳೆದು ತೋರಿಸಿದರು. ಒಂದು ಅಂಗಡಿಯವನು ನಮ್ಮ ಹಿಂದೆಯೇ ಸುತ್ತಿದ, ಕದಿಯುತ್ತೇವೋ ಅಂತ. ಅದಕ್ಕೆ ನಾನು ತಯಾರಾಗಿದ್ದೆ. ಪ್ಲಮ್ ಕಡುಬಿನ ಅಂಗಡಿಯ ಹೆಂಗಸು, ಅಪ್ಪನ ಕತೆ ಕೇಳಿ ಅಮ್ಮನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಅಲ್ಲಿನವರೂ ಎಲ್ಲ ಊರಿನವರ ಹಾಗೇ. ನಾನು ತಯಾರಾಗಿಲ್ಲದೆ ಇದ್ದದ್ದು ಬೆಳಗಿನ ತಿಂಡಿಗೆ.”

ಮೊದಲ ಬೆಳಗ್ಗೆ ಅವರಿಬ್ಬರೂ ನಮ್ಮವರ ಉದ್ದನೆಯ ಮೇಜಿನ ಕೊನೆಗೆ ಹೋಗಿ ಕೂತರಂತೆ. ಪಕ್ಕದಲ್ಲಿದ್ದವರು ತಟ್ಟೆ ಎತ್ತಿಕೊಂಡು ಎದ್ದರು. ಅವರ ಪಕ್ಕದವರೂ ಎದ್ದರು. ಒಬ್ಬ ಹೆಂಗಸು ಸೆರಗಿನ ಹಾಗೆ ಶಾಲನ್ನು ಮೂಗಿಗೆ ಹಿಡಿದಿದ್ದಳು. ಮರುದಿನ ಹೋಟೆಲಿನವರೇ ಮೂಲೆಯಲ್ಲಿ ಒಂದು ಸಣ್ಣ ಮೇಜು ಹಾಕಿದ್ದರು. ನಿಮ್ಮ ಗುಂಪಿನವರು ಕೇಳಿಕೊಂಡರು ಎಂದರು.

“ಭಾರತದವರಲ್ಲಿ ಬೇರೆಯವರ ಜೊತೆ ಉಣ್ಣಬಾರದು ಅಂತ ನಿಯಮ ಇದೆ ಅಂತ ಅಮ್ಮನಿಗೆ ಸುಳ್ಳು ಹೇಳಿದೆ. ಅವಳು ನಂಬಿದಳೋ ಇಲ್ಲವೋ. ಅವತ್ತು ರಾತ್ರಿ ಬಾತ್‌ರೂಮಿನಲ್ಲಿ ನೀರಿನ ಸದ್ದು ಕೇಳಿ ಹೋಗಿ ನೋಡಿದೆ. ಟಬ್ಬಿನಲ್ಲಿ ಕೋಟು ಹಾಕಿಕೊಂಡು ಒಗೆಯುತ್ತಿದ್ದಳು. ನನ್ನ ಮೈಯಿಂದ ಏನೋ ವಾಸನೆ ಬರ್ತಿದೆ ಲಾನ್, ನನಗೇ ತಿಳಿಯುತ್ತಿಲ್ಲ, ನೀನೂ ಹೇಳುತ್ತಿಲ್ಲ ಅಂದಳು. ಇಲ್ಲಮ್ಮ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನವೂ ಒಗೆದಳು. ಉಣ್ಣೆಯ ಕೋಟು ಒಂದು ರಾತ್ರಿಗೆ ಒಣಗುತ್ತದಾ? ಅದನ್ನೇ ಹಾಕಿಕೊಂಡು ಬಂದಳು. ಅವತ್ತೇ ನಾವು ಸೇತುವೆಯ ಹತ್ತಿರ ಬಸ್ಸಿಗೆ ಕಾದದ್ದು.”

ನನ್ನ ಬೆರಳುಗಳು ಕೀಬೋರ್ಡಿನ ಮೇಲೆಯೇ ನಿಂತವು.

“ಸರಿಯಾದ ಹೊತ್ತಿಗೇ ಬಂದೆವು. ಬಸ್ಸಿರಲಿಲ್ಲ. ಹೋಗಿಬಿಡೋಣ ಅಂದೆ. ಅಮ್ಮ ಬೇಡ ಅಂದಳು. ಆ ಹುಡುಗಿ ಹೇಳಿದ್ದಾಳೆ ಜಾಗ ಬಿಟ್ಟು ಕದಲಬೇಡಿ ಅಂತ, ಬರ್ತಾರೆ ಅಂದಳು. ಗುಂಪಿಗೆ ಮೆಸೇಜ್ ಹಾಕಿದೆ. ಯಾರೋ ಒಂದು ಪಾಂಡಾದ ಚಿತ್ರ ಕಳಿಸಿದರು. ಬೇರೆ ಉತ್ತರ ಬರಲಿಲ್ಲ. ನದಿಯ ಗಾಳಿ. ದೀಪ ಹತ್ತಿದ ಮೇಲೂ ಅಲ್ಲೇ ನಿಂತಿದ್ದೆವು.”

“ನನಗೆ ಫೋನ್ ಮಾಡಬಹುದಿತ್ತಲ್ಲ ಲಾನ್?”

“ನಿಮಗೆ ರಜೆ ಇತ್ತಲ್ಲ” ಎಂದಳು.

ಆ ಪಾಂಡಾವನ್ನು ನಾನೂ ನೋಡಿದ್ದೆ. ಅದರ ಮೇಲಿದ್ದ ಅವಳ ಮೆಸೇಜನ್ನು ಓದಿರಲಿಲ್ಲ. ಓದಿದ್ದರೂ ತಲೆಕೆಡಿಸಿಕೊಳ್ಳುತ್ತಿದ್ದೆನೇ, ನನಗೆ ಗೊತ್ತಿಲ್ಲ. ಕ್ಷಮಿಸಿ ಎಂದೆ. ಅವಳು ತಲೆಯಾಡಿಸಿದಳು, ಟಿಕೆಟ್ಟು ಎರಡೂ ಕೈಯಲ್ಲಿ ತೆಗೆದುಕೊಂಡಳು, ಹೋದಳು. ಅತ್ತಿಗೆಯ ಮನೆಯಲ್ಲಿ ನಾನೂ ನಕ್ಕಿದ್ದೆ.

ಸಂಜೆ ಮಸೀದಿಯಲ್ಲಿ ಬಾಂಗ್ ಆಗುವ ಮುಂಚೆ, ಉಪವಾಸದವರೆಲ್ಲ ಮನೆ ಸೇರಲು ಕಾರು ಓಡಿಸುತ್ತಿದ್ದ ಹೊತ್ತಿನಲ್ಲಿ, ನಾನು ಅತ್ತಿಗೆಯ ಮನೆಗೆ ನಡೆದೆ. ಅವಳು ಅಡುಗೆಮನೆಯಲ್ಲಿ ಬಂಗುಡೆಗೆ ಮಸಾಲೆ ಸವರುತ್ತಿದ್ದಳು. ಎಲ್ಲ ಹೇಳಿದೆ. ಆಸ್ಪತ್ರೆಯದೂ ಹೇಳಿದೆ, ಕೋಟಿನದನ್ನು ಮಾತ್ರ ಹೇಳಲಿಲ್ಲ.

“ಅಯ್ಯೋ, ಅಷ್ಟಕ್ಕೆ ಹುಷಾರು ತಪ್ಪಿತಾ? ತಮಾಷೆಗೆ ಹೇಳಿದ್ದು ಮಾರಾಯ್ತಿ” ಎಂದಳು. ಸ್ವಲ್ಪ ತಡೆದು, “ನೀನು ಆದ್ರೂ ಯಾಕೆ ಅವರನ್ನು ನಮ್ಮ ಗುಂಪಿಗೆ ಹಾಕಿದ್ದು? ಅವರದು ಒಂದು ಬೇರೆಯೇ ವಾಸನೆ ಇರ್ತದಪ್ಪ.”

“ಅತ್ತಿಗೆ, ನಿಮಗೆ ಲಿಫ್ಟಿನದು ಮರೆತುಹೋಯ್ತಾ?”

ಅವಳ ಕೈ ನಿಂತಿತು. ನಾನು ಈ ದೇಶಕ್ಕೆ ಬಂದ ಹೊಸದರ ಮಾತು. ಕಟ್ಟಡದ ಲಿಫ್ಟಿನಲ್ಲಿ ಅತ್ತಿಗೆ ಹತ್ತಿದ ಕೂಡಲೇ ಒಳಗಿದ್ದ ಅರಬಿ ಹೆಂಗಸು ಮೂಗಿಗೆ ಬಟ್ಟೆ ಹಿಡಿದು, ಭಾರತದವಳು ಎಂಬ ಅರ್ಥದಲ್ಲಿ “ಹಿಂದಿ” ಎಂದು ಗೊಣಗಿ ಇಳಿದುಹೋಗಿದ್ದಳು. ಅತ್ತಿಗೆ ಅವತ್ತು ಹಾಸಿಗೆಯಲ್ಲಿ ಮುಖ ಹುದುಗಿಸಿ ಅತ್ತಿದ್ದಳು. ಆಮೇಲೆ ಎಷ್ಟೋ ತಿಂಗಳು, ಹೊರಗೆ ಹೋಗುವ ದಿನ ಒಗ್ಗರಣೆ ಹಾಕುತ್ತಿರಲಿಲ್ಲ. ಮೂರು ಮಹಡಿ ಮೆಟ್ಟಿಲಿಳಿದೇ ಹೋಗುತ್ತಿದ್ದಳು.

“ಅದು ಬೇರೆ, ಇದು ಬೇರೆ” ಎಂದಳು ಅತ್ತಿಗೆ. ದನಿ ಗಟ್ಟಿಯಾಗಿರಲಿಲ್ಲ.

ಆಗ ನಾನು ಕೋಟಿನ ವಿಷಯ ಹೇಳಿದೆ. ಹೋಟೆಲಿನ ಟಬ್ಬು, ಒಣಗದ ಉಣ್ಣೆ, ತನಗೇ ತಿಳಿಯದ ವಾಸನೆ ಏನೋ ಮೈಯಿಂದ ಬರುತ್ತಿದೆ ಎಂದು ಆ ತಾಯಿ ತನ್ನ ಮಗಳಿಗೆ ಹೇಳಿದ್ದು.

ಅತ್ತಿಗೆ ನಲ್ಲಿ ತಿರುಗಿಸಿ ಕೈ ತೊಳೆದಳು. ಸೋಪು ಹಾಕಿ ಇನ್ನೊಮ್ಮೆ ತೊಳೆದಳು. ನಾನು ಹೊರಟಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮಿಬ್ಬರ ನಡುವೆ ಇಷ್ಟು ವರ್ಷದಲ್ಲಿ ಮಾತು ನಿಂತದ್ದು ಅದೇ ಮೊದಲು. ಅಣ್ಣ ಫೋನು ಮಾಡಿ, “ಎಂತ ಶಶಿ, ಅವಳ ಅನ್ನ ತಿಂದವಳು ನೀನು” ಎಂದ. ಹೌದು, ತಿಂದವಳೇ. ಪಾಟೀಲರಿಗೂ ಫೋನು ಮಾಡಿದ್ದೆ. ಅವರು “ಛೇ ಛೇ, ಹಂಗಾಗಬಾರದಿತ್ತು” ಎಂದು, ಮುಂದಿನ ವರ್ಷ ಟರ್ಕಿ ಇದೆಯೇ ಎಂದು ವಿಚಾರಿಸಿದರು.

ವಾರ ಕಳೆದ ಮೇಲೆ ಅತ್ತಿಗೆ ತಾನಾಗಿ ನನ್ನ ಮನೆಗೆ ಬಂದಳು. ಕಣ್ಣಡಿ ಕಪ್ಪಾಗಿತ್ತು.

“ಅವರ ಮನೆ ಎಗೈಲಾದಲ್ಲಿ ಎಲ್ಲಿ? ನನ್ನನ್ನು ಕರ್ಕೊಂಡು ಹೋಗು.”

“ಅವರ ಅಮ್ಮ ಊರಿಗೆ ಹೋಗಿ ಆಯ್ತು ಅತ್ತಿಗೆ.”

ಅವಳು ಕುರ್ಚಿಯಲ್ಲಿ ಕುಸಿದು ಕೂತಳು. “ಹಾಗಾದ್ರೆ ಆ ಮಗಳಿಗೆ ಫೋನ್ ಮಾಡು.”

ಮಾಡಿದೆ. ಸ್ಪೀಕರ್ ಹಾಕಿದೆ. ಅತ್ತಿಗೆ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಸಾರಿ, ವೆರಿ ಸಾರಿ ಎಂದಳು. ಬಸ್ಸಿನಲ್ಲಿ ಸುಳ್ಳು ಹೇಳಿದವಳು ನಾನೇ ಎಂದಳು. ಲಾನ್, “ಪರವಾಗಿಲ್ಲ ಅಂತ ನಾನು ಹೇಳಲಾರೆ” ಎಂದಳು. “ಆದರೆ ಒಂದು ಉಪಕಾರ ಮಾಡಿ. ಅಮ್ಮ ಈಗಲೂ ದಿನಕ್ಕೆ ಎರಡು ಸಲ ಬಟ್ಟೆ ಒಗೆಯುತ್ತಾಳೆ ಅಂತ ಪಕ್ಕದ ಮನೆಯವರು ಹೇಳಿದರು. ನಾನು ಹೇಳಿದರೆ ನಂಬುವುದಿಲ್ಲ. ಅವತ್ತು ಎದ್ದುಹೋದವರಲ್ಲಿ ಯಾರಾದರೂ ಹೇಳಿದರೆ ನಂಬಬಹುದು. ನಿಮ್ಮ ದನಿಯಲ್ಲಿ ಹೇಳಿ ಕಳಿಸಿ. ನಾನು ಅವಳ ಭಾಷೆಯಲ್ಲಿ ತಿಳಿಸುತ್ತೇನೆ.”

ಮಾತು ಮುಗಿದ ಮೇಲೆ ಅತ್ತಿಗೆ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. ವಾಟ್ಸಾಪಿನಲ್ಲಿ ದನಿ ಮುದ್ರಿಸಲು ಒತ್ತಿ ಹಿಡಿಯಬೇಕಾದ ಗುಂಡಿಯನ್ನು ನಾನೇ ಒತ್ತಿದೆ.

“ಮಮ್ಮೀ, ಐ ಆಮ್ ವಾರಿಜಾ. ದಟ್ ಟೂರ್ ಲೇಡಿ. ಯು ನೋ ಸ್ಮೆಲ್, ಮಮ್ಮೀ. ಯುವರ್ ಕೋಟ್ ಗುಡ್. ನೋ ಸ್ಮೆಲ್. ಐ ಗೋ ಅದರ್ ಟೇಬಲ್, ಐ ಬ್ಯಾಡ್. ಯು ನೋ ಸ್ಮೆಲ್.”

ಇಂಗ್ಲಿಷ್ ಮುಗಿಯಿತು. ಆಮೇಲೆ ತುಳುವಿನಲ್ಲಿ, ಊರಿನ ಹಿರಿಯರಿಗೆ ಹೇಳುವ ಹಾಗೆ, “ತಪ್ಪಾಂಡ್ ಅಮ್ಮಾ, ತಪ್ಪಾಂಡ್” ಎಂದಳು. ನಾನು ಬೆರಳು ತೆಗೆದೆ.

ಕೊನೆಯ ಮಾತಿನ ಅರ್ಥವೇನು ಎಂದು ಲಾನ್ ಬರೆದು ಕೇಳಿದಳು. ತಪ್ಪಾಯಿತು ಅಮ್ಮಾ ಎಂದು ಬರೆದು ತಿಳಿಸಿದೆ.

ಎರಡು ದಿನ ಬಿಟ್ಟು ನನಗೆ ಒಂದು ಧ್ವನಿ ಸಂದೇಶ ಬಂತು. ಆ ತಾಯಿಯದು. ಲಾನ್ ಕಳಿಸಿದ್ದಳು, ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವುದೇ ಅವಳ ಉದ್ಯೋಗ. ಆ ಮಾತನ್ನು ಮಾತ್ರ ಅವಳು ನಮಗೆ ತಿಳಿಸಲಿಲ್ಲ. ಅತ್ತಿಗೆ ಬಂದು ನನ್ನ ಮಂಚದ ಮೇಲೆ ಕೂತು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು.

“ಎಂತ ಹೇಳ್ತಾರೆ ಶಶಿ? ಕೇಳಿ ನೋಡು ಆ ಹುಡುಗಿ ಹತ್ರ.”

“ಬೇಡ ಅತ್ತಿಗೆ.”

“ಬೈತಾ ಇರ್ಬೇಕು ಅಲ್ವಾ?”

ಹೌದಿರಬೇಕು ಎಂದೆ. ಬೈಗುಳ ಎಂದುಕೊಂಡರೆ ಇಬ್ಬರಿಗೂ ಸಲೀಸು. ಆದರೆ ಬೈಯುವ ದನಿ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ಅದು ಹಾಗಿರಲಿಲ್ಲ. ಊಟವಾಯಿತೇ, ಮಕ್ಕಳು ಚೆನ್ನಾಗಿದ್ದಾರೆಯೇ ಎಂದು ಕೇಳುವವರ ಹಾಗೆ ನಿಧಾನವಾಗಿ, ಮೆತ್ತಗೆ ಏನೋ ಹೇಳಿ, ಕೊನೆಗೆ ಸಣ್ಣಗೆ ನಕ್ಕಿದ್ದರು. ಅತ್ತಿಗೆಗೂ ಅದು ಕೇಳಿಸಿತು. ಅವಳು ಫೋನನ್ನು ಹಾಸಿಗೆಯ ಮೇಲೆ ಬೋರಲಾಗಿಟ್ಟು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.